ಪ್ರಾಪರ್ಟಿ ಟೆಸ್ಟಿಂಗ್ ಲೈಬ್ರರಿ: ಬಳಸುವವರೂ ಕಟ್ಟುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಪೈಥಾನ್‌ನ ಹೈಪಾಥಿಸಿಸ್ ಲೈಬ್ರರಿಯನ್ನು ಮುಂದಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಬೇರೆ ಭಾಷೆಯಲ್ಲಿ ಕೋಡ್ ಬರೆಯುವವರಿಗೂ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ. ಮೊದಲ ಭಾಗ ಬಳಸುವವರಿಗೆ. ಆಮೇಲಿನದು ಇಂಥದ್ದೊಂದನ್ನು ತಾವೇ ಕಟ್ಟಿ ನೋಡಬೇಕು ಅನ್ನುವವರಿಗೆ.

ಪ್ರಾಪರ್ಟಿ ಟೆಸ್ಟ್ ಅಂದರೇನು? ಮಾಮೂಲಿ ಯೂನಿಟ್ ಟೆಸ್ಟ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಟೆಸ್ಟ್‌ನಲ್ಲಿ ಇನ್‌ಪುಟ್ ನಾವೇ ಆರಿಸುತ್ತೇವೆ, ಬರಬೇಕಾದ ಉತ್ತರವನ್ನೂ ನಾವೇ ಬರೆದಿಡುತ್ತೇವೆ. ಪ್ರಾಪರ್ಟಿ ಟೆಸ್ಟ್‌ನಲ್ಲಿ "ಇಂಥ ಯಾವ ಇನ್‌ಪುಟ್ ಕೊಟ್ಟರೂ ಈ ಮಾತು ನಿಜವಾಗಿರಬೇಕು" ಅಂತ ಬರೆಯುತ್ತೇವೆ. ಆ ಮಾತನ್ನು ಸುಳ್ಳು ಮಾಡುವ ಇನ್‌ಪುಟ್ ಹುಡುಕುವ ಕೆಲಸ ಲೈಬ್ರರಿಯದು. ಸಿಕ್ಕರೆ ಅದನ್ನು ಆದಷ್ಟು ಚಿಕ್ಕದು ಮಾಡಿ ನಮ್ಮ ಕೈಗೆ ಕೊಡುತ್ತದೆ.

ಈ ದಾರಿಯನ್ನು ಜನಪ್ರಿಯ ಮಾಡಿದ್ದು ಕ್ವಿಕ್‌ಚೆಕ್. ಸ್ವೀಡನ್‌ನ ಚಾಮರ್ಸ್ ವಿಶ್ವವಿದ್ಯಾಲಯದ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಹ್ಯಾಸ್ಕೆಲ್ ಭಾಷೆಗಾಗಿ ಇದನ್ನು ಬರೆದು, 2000ದಲ್ಲಿ ಪ್ರಬಂಧ ಪ್ರಕಟಿಸಿದರು. ಆಗ ಅದರ ಕೋಡ್ ಸುಮಾರು 300 ಸಾಲು ಅಷ್ಟೇ. ಈಗ ಹೆಚ್ಚುಕಡಿಮೆ ಎಲ್ಲ ಭಾಷೆಗೂ ಒಂದೊಂದು ಇದೆ: ಜಾವಾಸ್ಕ್ರಿಪ್ಟ್‌ಗೆ ಫಾಸ್ಟ್‌ಚೆಕ್, ರಸ್ಟ್‌ಗೆ ಪ್ರಾಪ್‌ಟೆಸ್ಟ್, ಜಾವಾಗೆ ಜೆಕ್ವಿಕ್, ಸ್ಕಾಲಾಗೆ ಸ್ಕಾಲಾಚೆಕ್, ಎರ್ಲಾಂಗ್‌ಗೆ ಪ್ರಾಪರ್. ಹೈಪಾಥಿಸಿಸ್ ಶುರು ಮಾಡಿದವರು ಡೇವಿಡ್ ಮ್ಯಾಕ್‌ಐವರ್.

ಒಂದು ಉದಾಹರಣೆ ಕೊಡಿ. ಸಾರ್ಟಿಂಗ್ ಬೇಡ, ದಿನಾ ಬರೆಯೋ ಕೋಡ್‌ನದ್ದು ಬೇಕು.

ಸರಿ, ಹಣ ತೋರಿಸುವ ಫಂಕ್ಷನ್ ತೆಗೆದುಕೊಳ್ಳೋಣ. ನಮ್ಮಲ್ಲಿ 12,34,567 ಅಂತ ಬರೆಯುತ್ತೇವೆ. ಕೊನೆಯ 3 ಅಂಕಿ ಒಂದು ಗುಂಪು, ಅದರ ಎಡಕ್ಕೆ ಎರಡೆರಡು. ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಕೋಡ್ ಹೀಗಿರುತ್ತದೆ: ಸಂಖ್ಯೆಯನ್ನು ಸ್ಟ್ರಿಂಗ್ ಮಾಡು, ಬಲಗಡೆಯಿಂದ 3 ಅಕ್ಷರ ಕತ್ತರಿಸು, ಉಳಿದದ್ದನ್ನು ಬಲದಿಂದಲೇ ಎರಡೆರಡಾಗಿ ಕತ್ತರಿಸು, ನಡುವೆ ಕಾಮಾ ಹಾಕು.

ಇದಕ್ಕೆ ಟೆಸ್ಟ್ ಬರೆಯುವವರು ಸಾಮಾನ್ಯವಾಗಿ 500, 5,000, 1,50,000, ಒಂದು ಕೋಟಿ ಇಷ್ಟನ್ನು ಹಾಕುತ್ತಾರೆ. ರೀಫಂಡ್ ಇರುತ್ತದಲ್ಲ ಅಂತ ನೆನಪಾಗಿ ಮೈನಸ್ 5,000 ಮತ್ತು ಮೈನಸ್ 1,50,000 ಕೂಡ ಸೇರಿಸುತ್ತಾರೆ. ಎಲ್ಲ ಪಾಸ್.

ಈಗ ಪ್ರಾಪರ್ಟಿ ಬರೆಯೋಣ. ಮೊದಲನೆಯದು: ಕಾಮಾಗಳನ್ನು ತೆಗೆದುಹಾಕಿದರೆ ಮೊದಲಿನ ಸಂಖ್ಯೆಯೇ ವಾಪಸ್ ಬರಬೇಕು. ಇದೂ ಪಾಸ್. ಎರಡನೆಯದು: 1ರಿಂದ ಮೇಲಿನ ಯಾವುದೇ ಸಂಖ್ಯೆಗೆ, ಅದರ ಮೈನಸ್ ರೂಪ ಅಂದರೆ ಅದೇ ಬರಹದ ಮುಂದೆ ಒಂದು ಮೈನಸ್ ಚಿಹ್ನೆ, ಅಷ್ಟೇ. (ಸೊನ್ನೆಗೆ ಈ ಮಾತು ಸಲ್ಲುವುದಿಲ್ಲ, ಅದಕ್ಕೇ 1ರಿಂದ.) ಇದನ್ನು ಓಡಿಸಿದರೆ ಫೇಲ್ ಆಗುತ್ತದೆ, ಲೈಬ್ರರಿ ತೋರಿಸುವ ಉದಾಹರಣೆ 100. ಕೋಡ್ ಬರೆದದ್ದು "-,100" ಅಂತ.

ಯಾಕೆ? ಮೈನಸ್ ಚಿಹ್ನೆಯೂ ಒಂದು ಅಕ್ಷರವಾಗಿ ಲೆಕ್ಕಕ್ಕೆ ಸೇರಿಬಿಟ್ಟಿದೆ. ಮೈನಸ್ 5,000ದಲ್ಲಿ ಬಲಗಡೆಯ 3 ಹೋದರೆ "-5" ಉಳಿಯುತ್ತದೆ. ಅದು ಎರಡೇ ಅಕ್ಷರ, ಹಾಗಾಗಿ ಪಾರಾಯಿತು. 1,50,000ಕ್ಕೆ 6 ಅಂಕಿ, ಅದೂ ಪಾರು. 3, 5, 7, 9 ಅಂಕಿಯ ಮೈನಸ್ ಮೊತ್ತ ಬಂದರೆ ಮಾತ್ರ ತಪ್ಪು ಕಾಣಿಸುತ್ತದೆ. ಕೈಯಾರೆ ಆರಿಸಿದ ಎರಡು ಮೈನಸ್ ಮೊತ್ತಗಳಿಗೂ ಅಂಕಿಗಳ ಸಂಖ್ಯೆ ಸಮ ಆಗಿತ್ತು, ಕಾಕತಾಳೀಯ. ಮೊದಲನೆಯ ಪ್ರಾಪರ್ಟಿ ಇದನ್ನು ಹಿಡಿಯಲಿಲ್ಲ ಅನ್ನುವುದನ್ನೂ ಗಮನಿಸಿ, ಯಾಕೆಂದರೆ ಕಾಮಾ ತೆಗೆದ ಕೂಡಲೇ ತಪ್ಪೂ ಅಳಿಸಿಹೋಗುತ್ತದೆ. ಒಂದೇ ಪ್ರಾಪರ್ಟಿ ಬರೆದು ನಿಲ್ಲಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಪ್ರಾಪರ್ಟಿ ಏನು ಬರೀಬೇಕು ಅಂತಲೇ ಹೊಳೆಯುವುದಿಲ್ಲ. ಏನು ಮಾಡಲಿ?

ನನಗೆ ಗೊತ್ತಿರುವಂತೆ ಜನ ಜಾಸ್ತಿ ನಿಂತುಬಿಡುವುದು ಇಲ್ಲೇ. ಲೈಬ್ರರಿ ಕಲಿಯಲು ಒಂದು ಮಧ್ಯಾಹ್ನ ಸಾಕು, ಪ್ರಾಪರ್ಟಿ ಯೋಚಿಸುವ ಅಭ್ಯಾಸಕ್ಕೆ ಸಮಯ ಬೇಕು.

ಮೊದಲು ಹೋಗಿ ಬರುವ ಜೋಡಿ ಹುಡುಕಿ. ಸೇವ್ ಮಾಡಿ ಓದಿದರೆ ಅದೇ ಬರಬೇಕು, ಎನ್‌ಕೋಡ್ ಮಾಡಿ ಡಿಕೋಡ್ ಮಾಡಿದರೆ ಅದೇ ಬರಬೇಕು. ಇಂಥ ಜೋಡಿ ಇಲ್ಲದ ಪ್ರಾಜೆಕ್ಟ್ ಸಿಗುವುದೇ ಅಪರೂಪ. ಹಳೆಯ ಕೋಡ್ ತೆಗೆದು ಹೊಸದು ಹಾಕುತ್ತಿದ್ದೀರಾ? ಹಾಗಾದರೆ ಹಳೆಯದೇ ನಿಮ್ಮ ಪ್ರಾಪರ್ಟಿ. ಎರಡಕ್ಕೂ ಒಂದೇ ಇನ್‌ಪುಟ್ ಕೊಡಿ, ಒಂದೇ ಉತ್ತರ ಬರಲಿ. ನಿಧಾನವಾದರೂ ಕಣ್ಣಿಗೆ ಸರಿ ಅನ್ನಿಸುವ ನಾಲ್ಕು ಸಾಲಿನ ಲೂಪ್ ಬರೆದು ಅದರ ಜೊತೆ ಹೋಲಿಸುವುದೂ ಇದೇ ಉಪಾಯ.

ಸರಿಯುತ್ತರ ಏನು ಅಂತ ಹೇಳಲಾಗದ ಕಡೆ, ಎರಡು ಉತ್ತರಗಳ ನಡುವಿನ ಸಂಬಂಧ ಹೇಳಬಹುದು. ಬಸ್ ಹುಡುಕುವ ಪುಟದಲ್ಲಿ "ಸ್ಲೀಪರ್ ಮಾತ್ರ" ಅನ್ನುವ ಷರತ್ತು ಸೇರಿಸಿದರೆ ಪಟ್ಟಿ ಕಮ್ಮಿ ಆಗಬೇಕು ಅಥವಾ ಅಷ್ಟೇ ಇರಬೇಕು. ಜಾಸ್ತಿ ಆದರೆ ಎಲ್ಲೋ ತಪ್ಪಿದೆ. ಒಂದೇ ವಹಿವಾಟಿನ ಐಡಿ ಎರಡು ಸಲ ಬಂದರೂ ದುಡ್ಡು ಒಂದೇ ಸಲ ಕಡಿತ ಆಗಬೇಕು. ಇವೆಲ್ಲ ನೀವು ಮೀಟಿಂಗ್‌ನಲ್ಲಿ ಬಾಯಲ್ಲಿ ಹೇಳಿರುವ ಮಾತುಗಳೇ, ಅಲ್ವಾ? ಅದನ್ನೇ ಕೋಡ್‌ನಲ್ಲಿ ಬರೆಯಿರಿ.

ಏನೂ ಹೊಳೆಯದಿದ್ದರೆ "ಕ್ರ್ಯಾಶ್ ಆಗಬಾರದು" ಅನ್ನುವುದೊಂದೇ ಸಾಕು. ಪಾರ್ಸರ್ ಬರೆಯುವವರಿಗೆ ಅಷ್ಟರಲ್ಲೇ ಬೇಕಾದಷ್ಟು ಬಗ್ ಸಿಗುತ್ತದೆ.

ಹಾಗಾದರೆ ಹಳೆಯ ಯೂನಿಟ್ ಟೆಸ್ಟ್‌ಗಳನ್ನು ಅಳಿಸಿಬಿಡಲಾ?

ಬೇಡ. ಉದಾಹರಣೆ ಓದುವವರಿಗೆ ಬೇಗ ಅರ್ಥ ಆಗುತ್ತದೆ. 1234567ಕ್ಕೆ 12,34,567 ಬರಬೇಕು ಅನ್ನುವ ಒಂದು ಸಾಲು ಯಾವ ಪ್ರಾಪರ್ಟಿಗಿಂತಲೂ ಚೆನ್ನಾಗಿ ಫಂಕ್ಷನ್‌ನ ಉದ್ದೇಶ ಹೇಳುತ್ತದೆ.

ಎಷ್ಟು ಸಲ ಓಡಿಸಿದರೆ ಸಾಕು?

ಹೈಪಾಥಿಸಿಸ್ ತಾನಾಗಿ 100 ಉದಾಹರಣೆ ಓಡಿಸುತ್ತದೆ. 20ರಲ್ಲಿ 1 ಇನ್‌ಪುಟ್‌ಗೆ ಕಾಣಿಸುವ ಬಗ್ ಆದರೆ, 100 ಸಲದಲ್ಲಿ ಸಿಗುವ ಸಾಧ್ಯತೆ ಶೇ. 99ಕ್ಕಿಂತ ಜಾಸ್ತಿ. ಆದರೆ 1000ದಲ್ಲಿ 1ಕ್ಕೆ ಮಾತ್ರ ಕಾಣಿಸುವ ಬಗ್ ಆದರೆ ಸಿಗುವ ಸಾಧ್ಯತೆ ಸುಮಾರು ಶೇ. 10 ಅಷ್ಟೇ. ಆಗ ಸಂಖ್ಯೆ ಹೆಚ್ಚಿಸುವುದು ಒಂದು ದಾರಿ, ಹೇಗಿದ್ದರೂ ರಾತ್ರಿ ಓಡುವ ಬಿಲ್ಡ್‌ನಲ್ಲಿ 10,000 ಇಟ್ಟರೆ ಯಾರಿಗೂ ತೊಂದರೆ ಇಲ್ಲ. ಇನ್ನೂ ಒಳ್ಳೆಯ ದಾರಿ ಇನ್‌ಪುಟ್ ಹುಟ್ಟುವ ರೀತಿಯನ್ನು ತಿದ್ದುವುದು. 64 ಬಿಟ್‌ನ ಎಲ್ಲ ಸಂಖ್ಯೆಗಳಿಂದ ಸಮಾನವಾಗಿ ಆರಿಸಿದರೆ ಸೊನ್ನೆ ಯಾವತ್ತೂ ಬರುವುದಿಲ್ಲ ಅಂತಲೇ ಹೇಳಬಹುದು. ಬಗ್‌ಗಳು ಇರುವುದು ಸೊನ್ನೆ, ಒಂದು, ಖಾಲಿ ಪಟ್ಟಿ, ಮಿತಿಯ ಅಂಚು ಇಂಥ ಕಡೆ. ಅದಕ್ಕೇ ಒಳ್ಳೆಯ ಲೈಬ್ರರಿಗಳು ಬೇಕಂತಲೇ ಅಂಥ ಇನ್‌ಪುಟ್‌ಗಳನ್ನು ಜಾಸ್ತಿ ಕೊಡುತ್ತವೆ.

ರ‍್ಯಾಂಡಮ್ ಅಂದಮೇಲೆ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವುದಿಲ್ಲವೇ?

ಆಗಬಹುದು, ಆದರೆ ಸಿಕ್ಕ ಬಗ್ ಕೈಬಿಟ್ಟು ಹೋಗುವುದಿಲ್ಲ. ಫೇಲ್ ಆದ ಉದಾಹರಣೆಯನ್ನು ಹೈಪಾಥಿಸಿಸ್ ಪ್ರಾಜೆಕ್ಟ್‌ನೊಳಗೆ ತನ್ನದೇ ಫೋಲ್ಡರ್‌ನಲ್ಲಿ ಉಳಿಸಿಕೊಂಡು, ಮುಂದಿನ ಸಲ ಮೊದಲು ಅದನ್ನೇ ಓಡಿಸುತ್ತದೆ. ಪುಲ್ ರಿಕ್ವೆಸ್ಟ್‌ನಲ್ಲಿ ಸಂಬಂಧವೇ ಇಲ್ಲದವರ ಬಿಲ್ಡ್ ಕೆಡಬಾರದು ಅಂತಿದ್ದರೆ ಅಲ್ಲಿ ರ‍್ಯಾಂಡಮ್ ಆಫ್ ಮಾಡುವ ಸೆಟ್ಟಿಂಗ್ ಹಾಕಿ, ಪ್ರತಿ ಸಲವೂ ಅದೇ ಉದಾಹರಣೆಗಳು ಬರುತ್ತವೆ. ರಾತ್ರಿಯ ಬಿಲ್ಡ್‌ನಲ್ಲಿ ಮಾತ್ರ ಹೊಸ ಹುಡುಕಾಟ ನಡೆಯಲಿ.

ಒಂದೇ ಇನ್‌ಪುಟ್‌ಗೆ ಒಮ್ಮೆ ಪಾಸ್ ಒಮ್ಮೆ ಫೇಲ್ ಆದರೆ ಅದು ಬೇರೆ ಕಾಯಿಲೆ. ಗಡಿಯಾರ, ನೆಟ್‌ವರ್ಕ್, ಹಿಂದಿನ ಟೆಸ್ಟ್ ಬಿಟ್ಟುಹೋದ ಡೇಟಾ ಇವುಗಳಲ್ಲಿ ಯಾವುದೋ ಒಂದು ಟೆಸ್ಟ್‌ನೊಳಗೆ ನುಸುಳಿದೆ. ಹೈಪಾಥಿಸಿಸ್ ಇದನ್ನು ಬೇರೆಯೇ ದೋಷವಾಗಿ ತೋರಿಸುತ್ತದೆ, ಅದನ್ನು ಸುಮ್ನೆ ಮುಚ್ಚಿಹಾಕಬೇಡಿ.

"ಫಿಲ್ಟರ್ ಜಾಸ್ತಿ ಆಯಿತು" ಅಂತ ಬೈಯುತ್ತಿದೆ. ಯಾಕೆ?

ಎರಡು ದಿನಾಂಕ ಬೇಕು, ಮೊದಲನೆಯದು ಎರಡನೆಯದಕ್ಕಿಂತ ಹಿಂದಿನದಾಗಿರಬೇಕು ಅಂದುಕೊಳ್ಳಿ. ಎರಡನ್ನೂ ಹುಟ್ಟಿಸಿ, ತಿರುಗಾಮುರುಗಾ ಇದ್ದರೆ ಬಿಸಾಡಿದರೆ ಅರ್ಧ ಶ್ರಮ ವ್ಯರ್ಥ. ಬಿಸಾಡುವ ಬದಲು ಅದಲುಬದಲು ಮಾಡಿ. ಸಮಸಂಖ್ಯೆ ಬೇಕಾದರೆ ಯಾವುದಾದರೂ ಸಂಖ್ಯೆ ತೆಗೆದುಕೊಂಡು ಎರಡರಿಂದ ಗುಣಿಸಿ. ಬೇಕಾದ ಆಕಾರವನ್ನು ಮೊದಲೇ ಕಟ್ಟಿಕೊಳ್ಳಿ, ಫಿಲ್ಟರ್ ಅಪರೂಪಕ್ಕೆ ಇರಲಿ.

ಕನ್ನಡ ಪಠ್ಯ ಬರುವ ಕೋಡ್‌ಗೆ ಇದರಿಂದ ಉಪಯೋಗ ಇದೆಯಾ?

ತುಂಬಾ ಇದೆ. ಕನ್ನಡದ ಬಗ್ಗೆ ತಲೆ ಕೆಡಿಸಿಕೊಳ್ಳದ ಕೋಡ್ ಎಲ್ಲೆಲ್ಲಿ ಮುರಿಯುತ್ತದೆ ಅಂತ ನೋಡಿ.

"ಕ್ಷ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಪೈಥಾನ್‌ಗೆ ಅದರ ಉದ್ದ 3: ಕ, ವಿರಾಮ (ಅರ್ಧಾಕ್ಷರ ಮಾಡುವ ್ ಚಿಹ್ನೆ), ಷ. ಯುಟಿಎಫ್ 8ರಲ್ಲಿ 9 ಬೈಟ್. ಹೆಸರನ್ನು 20 ಬೈಟ್‌ಗೆ ಕತ್ತರಿಸುವ ಕೋಡ್ ಇದ್ದರೆ, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಇರುವುದರಿಂದ ಕತ್ತರಿ ಒಂದು ಸಂಕೇತದ ನಡುವೆಯೇ ಬೀಳುತ್ತದೆ, ಉಳಿದದ್ದು ಡಿಕೋಡ್ ಆಗುವುದಿಲ್ಲ. ಪ್ರಾಪರ್ಟಿ ಸುಲಭ: ಕತ್ತರಿಸಿದ್ದು ಡಿಕೋಡ್ ಆಗಬೇಕು, ಮೂಲದ ಮೊದಲ ಭಾಗವೇ ಆಗಿರಬೇಕು.

"ಕೊ" ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಹಾಕಬಹುದು, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಪಕ್ಕ ಒಂದು ಇಟ್ಟು ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಬೇರೆ ಬೇರೆ. ಹುಡುಕಾಟಕ್ಕೆ ಈ ಎರಡು ರೂಪವನ್ನೂ ಕೊಟ್ಟು ಒಂದೇ ಫಲಿತಾಂಶ ಬರಬೇಕು ಅಂತ ಬರೆಯಿರಿ. ನಾರ್ಮಲೈಸ್ ಮಾಡದ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರದ ಕೋಡ್ ಆಗಲೇ ಸಿಕ್ಕಿಬೀಳುತ್ತದೆ.

ಇನ್ನೊಂದು, ನನಗೆ ತುಂಬಾ ಮುಖ್ಯ ಅನ್ನಿಸುವುದು. ಪೈಥಾನ್ "೧೨" ಅನ್ನು ಸಂಖ್ಯೆಯಾಗಿ ಓದಿ 12 ಕೊಡುತ್ತದೆ. ಅದರ ರೆಜೆಕ್ಸ್‌ನಲ್ಲಿ ಅಂಕಿಯ ಚಿಹ್ನೆ (\d) ಬರೆದರೆ ಕನ್ನಡ ಅಂಕಿಗಳೂ ಹೊಂದುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡೂ ಇಲ್ಲ. ಅಂದರೆ ಪಿನ್‌ಕೋಡ್ ಜಾಗದಲ್ಲಿ ೫೬೦೦೦೧ ಅಂತ ಹಾಕಿದವರನ್ನು ಬ್ರೌಸರ್ ತಡೆಯುತ್ತದೆ, ನೇರ ಎಪಿಐಗೆ ಬಂದರೆ ಸರ್ವರ್ ಒಪ್ಪಿಕೊಂಡು ಹಾಗೇ ಉಳಿಸುತ್ತದೆ. ಒಪ್ಪಬೇಕೋ ಬೇಡವೋ ನಿಮ್ಮ ನಿರ್ಧಾರ, ನನ್ನ ಕೇಳಿದರೆ ಒಪ್ಪಿ 560001 ಅಂತ ಬದಲಿಸಿ ಉಳಿಸಬೇಕು. ಆದರೆ ಎರಡು ಕಡೆಯೂ ಒಂದೇ ನಿರ್ಧಾರ ಇರಬೇಕು, ಅದೇ ಪ್ರಾಪರ್ಟಿ.

ಲೈಬ್ರರಿಯ ಮಾಮೂಲಿ ಪಠ್ಯ ಜನರೇಟರ್ (ಇನ್‌ಪುಟ್ ಹುಟ್ಟಿಸುವ ಭಾಗ) ಇಡೀ ಯೂನಿಕೋಡ್‌ನಿಂದ ಆರಿಸುವುದರಿಂದ ಕನ್ನಡ ಬರುವುದು ಅಪರೂಪ. 128 ಜಾಗಗಳ ಕನ್ನಡ ಬ್ಲಾಕ್‌ನಿಂದ ಮಾತ್ರ ಆರಿಸು ಅಂತ ಹೇಳಿ. ಓದುವ ಹಾಗಿರುವ ಪಠ್ಯ ಬೇಕಾದರೆ ವ್ಯಂಜನ, ಬೇಕಿದ್ದರೆ ಒತ್ತು, ಬೇಕಿದ್ದರೆ ಸ್ವರಚಿಹ್ನೆ ಅಂತ ಜೋಡಿಸುವ ಜನರೇಟರ್ ಬರೆದುಕೊಳ್ಳಿ. ಹತ್ತು ಸಾಲು ಸಾಕು.

ಡೇಟಾಬೇಸ್, ಕ್ಯೂ, ಕ್ಯಾಶ್ ಇಂಥವಕ್ಕೆ? ಅಲ್ಲಿ ಇನ್‌ಪುಟ್ ಒಂದೇ ಅಲ್ಲವಲ್ಲ.

ಅಲ್ಲಿ ಇನ್‌ಪುಟ್ ಅಂದರೆ ಕ್ರಿಯೆಗಳ ಸರಣಿ: ಸೇರಿಸು, ಓದು, ಅಳಿಸು, ಮುಚ್ಚಿ ತೆರೆ. ಪಕ್ಕದಲ್ಲಿ ಒಂದು ಸಾದಾ ಡಿಕ್ಷನರಿ ಇಟ್ಟುಕೊಂಡು ಪ್ರತಿ ಕ್ರಿಯೆಯನ್ನೂ ಎರಡರ ಮೇಲೂ ಮಾಡಿ, ಉತ್ತರ ಹೋಲಿಸುತ್ತಾ ಹೋಗಬೇಕು. ಹೈಪಾಥಿಸಿಸ್‌ನಲ್ಲಿ ಇದಕ್ಕೆ ರೂಲ್ ಬೇಸ್ಡ್ ಸ್ಟೇಟ್ ಮೆಷಿನ್ ಅನ್ನುವ ಕ್ಲಾಸ್ ಇದೆ.

ಇದರ ತಾಕತ್ತಿಗೆ ಹೆಸರಾದ ಪ್ರಕರಣ ಗೂಗಲ್‌ನ ಲೆವೆಲ್‌ಡಿಬಿ ಅನ್ನುವ ಡೇಟಾಬೇಸ್ ಲೈಬ್ರರಿಯದು. ಎರ್ಲಾಂಗ್ ಭಾಷೆಗೆ ಇರುವ ಕ್ವಿಕ್‌ಚೆಕ್ ಆವೃತ್ತಿಯಿಂದ ಅದನ್ನು ಪರೀಕ್ಷಿಸಿದಾಗ, ಅಳಿಸಿದ ಕೀ ಮತ್ತೆ ಕಾಣಿಸಿಕೊಳ್ಳುವ ಬಗ್ ಸಿಕ್ಕಿತು. ಆದಷ್ಟು ಚಿಕ್ಕದಾಗಿ ಕುಗ್ಗಿಸಿದ ಮೇಲೂ ಅದಕ್ಕೆ 17 ಹೆಜ್ಜೆ ಬೇಕಿತ್ತು. ಸರಿಪಡಿಸಿದ ಮೇಲೆ ಮತ್ತೆ ಓಡಿಸಿದರೆ 31 ಹೆಜ್ಜೆಯ ಇನ್ನೊಂದು ಸರಣಿ. ಕೂತು ಯೋಚಿಸಿ 17 ಹೆಜ್ಜೆಯ ಟೆಸ್ಟ್ ಬರೆಯಲು ಯಾರಿಂದಲೂ ಆಗುವುದಿಲ್ಲ.

ಫಝಿಂಗ್ ಅಂದರೂ ಇದೇ ಅಲ್ವಾ?

ಹತ್ತಿರದ ಸಂಬಂಧಿಗಳು. ಫಝರ್ ಸಾಮಾನ್ಯವಾಗಿ ಇಡೀ ಪ್ರೋಗ್ರಾಮ್‌ಗೆ ಬೈಟ್‌ಗಳನ್ನು ಸುರಿದು ಗಂಟೆಗಟ್ಟಲೆ, ದಿನಗಟ್ಟಲೆ ಕ್ರ್ಯಾಶ್ ಹುಡುಕುತ್ತದೆ. ಪ್ರಾಪರ್ಟಿ ಟೆಸ್ಟ್ ನಿಮ್ಮ ಮಿಕ್ಕ ಟೆಸ್ಟ್‌ಗಳ ಜೊತೆಯೇ ಸೆಕೆಂಡುಗಳಲ್ಲಿ ಮುಗಿದು, ಉತ್ತರ ಸರಿಯೇ ಅಂತಲೂ ನೋಡುತ್ತದೆ.

ನಾನೇ ಒಂದು ಲೈಬ್ರರಿ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ರ‍್ಯಾಂಡಮ್ ಇನ್‌ಪುಟ್ ಹುಟ್ಟಿಸುವುದು ಒಂದು ಸಂಜೆಯ ಕೆಲಸ. ಲೈಬ್ರರಿಯ ಯೋಗ್ಯತೆ ಗೊತ್ತಾಗುವುದು ಕುಗ್ಗಿಸುವುದರಲ್ಲಿ, ಅಂದರೆ ಫೇಲ್ ಆದ ಇನ್‌ಪುಟ್ ಅನ್ನು ಆದಷ್ಟು ಚಿಕ್ಕದು ಮಾಡುವುದರಲ್ಲಿ. ನಲವತ್ತು ಅಂಶಗಳ ಪಟ್ಟಿ ತೋರಿಸಿ "ಇದಕ್ಕೆ ಫೇಲ್ ಆಯಿತು" ಅಂದರೆ ಯಾರೂ ಎರಡನೇ ಸಲ ಬಳಸುವುದಿಲ್ಲ. ಗೋ ಭಾಷೆಯ ಜೊತೆಗೇ ಬರುವ ಕ್ವಿಕ್ ಪ್ಯಾಕೇಜ್‌ನಲ್ಲಿ ಕುಗ್ಗಿಸುವ ಸೌಲಭ್ಯವೇ ಇಲ್ಲ. ನನಗೆ ಅದು ದೊಡ್ಡ ಕೊರತೆ ಅನ್ನಿಸುತ್ತದೆ.

ಆದ್ದರಿಂದ ಮೊದಲ ದಿನವೇ ಕುಗ್ಗಿಸುವ ರೀತಿ ನಿರ್ಧರಿಸಿ. ಕ್ವಿಕ್‌ಚೆಕ್‌ನ ದಾರಿಯಲ್ಲಿ ಪ್ರತಿ ಟೈಪ್‌ಗೂ ಬೇರೆ ಕುಗ್ಗಿಸುವ ಫಂಕ್ಷನ್ ಇರುತ್ತದೆ. ತೊಂದರೆ ಏನೆಂದರೆ, ಜನರೇಟರ್ ಸಮಸಂಖ್ಯೆ ಮಾತ್ರ ಕೊಟ್ಟರೂ ಕುಗ್ಗಿಸುವ ಫಂಕ್ಷನ್‌ಗೆ ಅದು ಗೊತ್ತಿರುವುದಿಲ್ಲ. ಅದು 7 ತಂದಿಡುತ್ತದೆ, ನೀವು ಇಲ್ಲದ ಬಗ್ ಹುಡುಕುತ್ತಾ ಕೂರುತ್ತೀರಿ. ಹ್ಯಾಸ್ಕೆಲ್‌ನ ಹೆಡ್ಜ್‌ಹಾಗ್ ಇದಕ್ಕೆ ಜನರೇಟರ್ ಜೊತೆಯಲ್ಲೇ ಕುಗ್ಗಿಸುವ ಮರವನ್ನೂ (ಪ್ರತಿ ಇನ್‌ಪುಟ್‌ನ ಕೆಳಗೆ ಅದರ ಚಿಕ್ಕ ರೂಪಗಳು) ಕಟ್ಟಿಕೊಂಡು ಬರುತ್ತದೆ. ಹೈಪಾಥಿಸಿಸ್‌ನ ಉಪಾಯ ಇನ್ನೂ ಸರಳ: ಜನರೇಟರ್ ಮಾಡಿದ ಆಯ್ಕೆಗಳನ್ನು ಬರೆದಿಟ್ಟುಕೊಂಡು, ಆ ಆಯ್ಕೆಗಳನ್ನೇ ಕುಗ್ಗಿಸಿ, ಜನರೇಟರ್ ಮತ್ತೆ ಓಡಿಸುವುದು. ಜನರೇಟರ್ ಹಾಕಿದ ನಿಯಮ ತಾನಾಗೇ ಉಳಿಯುತ್ತದೆ. ಮೊದಲ ಲೈಬ್ರರಿಗೆ ನಾನು ಇದನ್ನೇ ಹೇಳುವುದು.

ಆ ಉಪಾಯ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಿ.

"0ಯಿಂದ ಇಷ್ಟರವರೆಗೆ ಒಂದು ಸಂಖ್ಯೆ ಕೊಡು" ಅನ್ನುವ ಒಂದೇ ಮೆಥಡ್ ಇರುವ ಮೂಲವೊಂದನ್ನು ಬರೆಯಿರಿ. ಮಿಕ್ಕೆಲ್ಲ ಜನರೇಟರ್‌ಗಳೂ ಅದನ್ನೇ ಕೇಳಲಿ. ಪಟ್ಟಿ ಬೇಕಾದರೆ "ಇನ್ನೊಂದು ಬೇಕಾ?" ಅಂತ 0 ಅಥವಾ 1 ಕೇಳುವುದು, 1 ಬಂದರೆ ಒಂದು ಅಂಶ ಕೇಳುವುದು, 0 ಬಂದರೆ ನಿಲ್ಲಿಸುವುದು. ಮೂಲ ತಾನು ಕೊಟ್ಟ ಸಂಖ್ಯೆಗಳನ್ನೆಲ್ಲ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ.

ಪ್ರಾಪರ್ಟಿ ಹೀಗಿರಲಿ: 0ಯಿಂದ 1000ದವರೆಗಿನ ಸಂಖ್ಯೆಗಳ ಪಟ್ಟಿಯ ಮೊತ್ತ 1000 ಮೀರಬಾರದು. ಸುಳ್ಳು ಮಾತೇ, ಕುಗ್ಗಿಸುವುದನ್ನು ನೋಡಲು ಚೆನ್ನಾಗಿದೆ. 743, 12, 0, 988, 51 ಅನ್ನುವ ಪಟ್ಟಿಗೆ ಫೇಲ್ ಆಯಿತು ಅನ್ನಿ. ಬರೆದಿಟ್ಟ ಸಾಲು 1, 743, 1, 12, 1, 0, 1, 988, 1, 51, 0.

ಈಗ ಸಾಲಿನಿಂದ ತುಂಡುಗಳನ್ನು ಕಿತ್ತು ಮತ್ತೆ ಓಡಿಸಿ. ಒಂದೊಂದೇ ಸಂಖ್ಯೆ ಕಿತ್ತರೆ ಇಲ್ಲಿ ಕೆಲಸ ಕೆಡುತ್ತದೆ: ಮೊದಲ 1 ಹೋದರೆ "ಇನ್ನೊಂದು ಬೇಕಾ?" ಅನ್ನುವ ಜಾಗದಲ್ಲಿ 743 ಬಂದು ಕೂರುತ್ತದೆ, ಆ ಪ್ರಯತ್ನ ಲೆಕ್ಕಕ್ಕಿಲ್ಲ. ಎರಡರ ತುಂಡು ಕಿತ್ತರೆ ಒಂದು ಅಂಶ ಪೂರ್ತಿ ಹೋಗುತ್ತದೆ. 12 ಹೋಯಿತು, ಇನ್ನೂ ಫೇಲ್, ಒಪ್ಪಿಕೊಳ್ಳಿ. 0 ಹೋಯಿತು, 51 ಹೋಯಿತು. 743 ಕಿತ್ತರೆ 988 ಮಾತ್ರ ಉಳಿದು ಪಾಸ್ ಆಗುತ್ತದೆ, ಹಾಗಾಗಿ ಬೇಡ. ತುಂಡಿನ ಗಾತ್ರ 8, 4, 2, 1 ಅಂತ ಇಳಿಸುತ್ತಾ ಹೋಗುವುದು ಒಳ್ಳೆಯದು.

ಆಮೇಲೆ ಪ್ರತಿ ಸಂಖ್ಯೆಯನ್ನೂ ಇಳಿಸಿ ನೋಡಿ. ಮೊದಲು ಸೊನ್ನೆ, ಆಗದಿದ್ದರೆ ಬೈನರಿ ಸರ್ಚ್. 743 ಇಳಿದು 13ಕ್ಕೆ ನಿಲ್ಲುತ್ತದೆ, 13 ಮತ್ತು 988 ಸೇರಿ 1001. ಇಲ್ಲಿ ಸಾದಾ ಕುಗ್ಗಿಸುವಿಕೆ ಸಿಕ್ಕಿಹಾಕಿಕೊಳ್ಳುತ್ತದೆ, ಯಾವುದನ್ನು ಒಂದು ಇಳಿಸಿದರೂ ಪಾಸ್. ಓದುವವರಿಗೆ ಮಾತ್ರ 1 ಮತ್ತು 1000 ಇದ್ದರೆ ಮಿತಿ ಥಟ್ಟನೆ ಕಾಣಿಸುತ್ತದೆ. ಅದಕ್ಕೆ ಒಂದನ್ನು ಇಳಿಸಿ ಅಷ್ಟೇ ಇನ್ನೊಂದಕ್ಕೆ ಸೇರಿಸುವ ಮೂರನೇ ಸುತ್ತು ಬೇಕು. ಹೈಪಾಥಿಸಿಸ್‌ನಲ್ಲಿ ಇಂಥ ಸುತ್ತುಗಳು ಹಲವಾರು ಇವೆ. ಮ್ಯಾಕ್‌ಐವರ್ ಮತ್ತು ಅಲಸ್ಟೇರ್ ಡೊನಾಲ್ಡ್‌ಸನ್ 2020ರಲ್ಲಿ ಈ ವಿಧಾನದ ಬಗ್ಗೆಯೇ ಪ್ರಬಂಧ ಬರೆದಿದ್ದಾರೆ.

ಯಾವುದು ಚಿಕ್ಕದು ಅನ್ನಲು ನಿಯಮ ಒಂದೇ: ಸಾಲು ಗಿಡ್ಡ ಆಗಿರಬೇಕು, ಉದ್ದ ಸಮ ಇದ್ದರೆ ಎಡದಿಂದ ಹೋಲಿಸಿದಾಗ ಮೊದಲು ಬೇರೆಯಾಗುವ ಜಾಗದಲ್ಲಿ ಕಮ್ಮಿ ಇರಬೇಕು. ಇದು ಕೆಲಸ ಮಾಡಬೇಕಾದರೆ ಪ್ರತಿ ಜನರೇಟರ್‌ನಲ್ಲೂ 0 ಅಂದರೆ ಅತಿ ಸರಳ ಆಯ್ಕೆ ಆಗಿರಬೇಕು. 0 ಬಂದರೆ ಪಟ್ಟಿ ನಿಲ್ಲಬೇಕು, 0 ಬಂದರೆ ಮೊದಲ ಪರ್ಯಾಯ ಸಿಗಬೇಕು. ಇದನ್ನು ಉಲ್ಟಾ ಬರೆದರೆ ಕುಗ್ಗಿಸಲು ಹೋಗಿ ಪಟ್ಟಿ ಉದ್ದ ಆಗುತ್ತದೆ.

ಎಐ ಬರೆದ ಕೋಡ್‌ಗೆ ಇದು ಉಪಯೋಗವೇ?

ನನ್ನ ಅಭಿಪ್ರಾಯದಲ್ಲಿ ಅಲ್ಲೇ ಜಾಸ್ತಿ ಬೇಕು. ಕೋಡ್ ಬರೆದವರೇ ಉದಾಹರಣೆಗಳನ್ನೂ ಬರೆದರೆ ಒಂದೇ ತಪ್ಪು ತಿಳುವಳಿಕೆ ಎರಡು ಕಡೆಯೂ ಇರುತ್ತದೆ, ಬರೆದದ್ದು ಮನುಷ್ಯರಾದರೂ ಸರಿ, ಎಐ ಆದರೂ ಸರಿ. ಪ್ರಾಪರ್ಟಿಯನ್ನು ಮಾತ್ರ ಗ್ರಾಹಕರ ಬೇಡಿಕೆ ನೋಡಿ ನೀವೇ ಬರೆಯಿರಿ. ಎರಡು ಸಾಲು ಓದಿ ಸರಿಯೇ ಅಂತ ಹೇಳಬಹುದು, ಇನ್ನೂರು ಸಾಲಿನ ಟೆಸ್ಟ್ ಫೈಲ್ ಓದಿ ಹೇಳುವುದು ಕಷ್ಟ.

ಟೆಸ್ಟ್ ನಿಧಾನ ಅಂತ ಫೇಲ್ ಆಗುತ್ತಿದೆ.

ಒಂದು ಉದಾಹರಣೆಗೆ 200 ಮಿಲಿಸೆಕೆಂಡ್ ಅನ್ನುವುದು ಹೈಪಾಥಿಸಿಸ್‌ನ ಮಾಮೂಲಿ ಗಡುವು. ನಿಜವಾದ ಡೇಟಾಬೇಸ್ ಮುಟ್ಟುವ ಟೆಸ್ಟ್ ಆದರೆ ಗಡುವು ತೆಗೆದುಬಿಡಿ. ಜೊತೆಗೆ, ಪೈಟೆಸ್ಟ್‌ನ ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದ ತಯಾರಿ ಮಾಡುವ ಕೋಡ್) ಇಡೀ ಟೆಸ್ಟ್‌ಗೆ ಒಂದೇ ಸಲ ಓಡುತ್ತದೆ, ಪ್ರತಿ ಉದಾಹರಣೆಗೂ ಓಡುವುದಿಲ್ಲ. ಟೇಬಲ್ ಖಾಲಿ ಮಾಡುವ ಕೆಲಸವನ್ನು ಟೆಸ್ಟ್‌ನ ಒಳಗೇ ಇಡಿ.

ಬಗ್ ಸಿಕ್ಕಿತು, ಸರಿ ಮಾಡಿದೆ. ಆ ಉದಾಹರಣೆಯನ್ನು ಏನು ಮಾಡಲಿ?

ಅದೇ ಟೆಸ್ಟ್‌ನ ತಲೆಯ ಮೇಲೆ ಎಕ್ಸಾಂಪಲ್ ಡೆಕೊರೇಟರ್ ಹಾಕಿ ಬರೆದಿಡಿ. ಫೋಲ್ಡರ್‌ನಲ್ಲಿ ಉಳಿದದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತದೆ, ಲೈಬ್ರರಿಯ ಆವೃತ್ತಿ ಬದಲಾದರೆ ಕೆಲಸಕ್ಕೆ ಬಾರದೆಯೂ ಹೋಗಬಹುದು. ಡೆಕೊರೇಟರ್‌ನಲ್ಲಿ ಬರೆದದ್ದು ಗಿಟ್‌ಗೆ ಹೋಗುತ್ತದೆ, ಎಲ್ಲರ ಬಿಲ್ಡ್‌ನಲ್ಲೂ ಪ್ರತಿ ಸಲ ಮೊದಲು ಓಡುತ್ತದೆ. ಕಾಮಾ ಫಂಕ್ಷನ್‌ಗೆ ಅಲ್ಲಿ 100 ಅಂತ ಒಂದು ಸಾಲು ಸಾಕು. ಪಕ್ಕದಲ್ಲಿ ಟಿಕೆಟ್ ನಂಬರ್ ಹಾಕಿದರೆ, ಈ 100 ಯಾಕಿದೆ ಅಂತ ಆಮೇಲೆ ಬಂದವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ.